ಸ್ಥಳೀಯರ ಅಭಿಪ್ರಾಯ

"ಇದನ್ನ ವಸಿ ಜೋರಾಗಿ ಓದಿ ಮೇಡಂ. ಇವಳಿಗೂ ಕೇಳಿಸ್ಲಿ," ಎಂದು ಯೋಗಾನಂದ ನಾಲ್ಕಾಗಿ ಮಡಚಿದ್ದ ಹಾಳೆಯನ್ನು ಬಿಡಿಸಿ ವಸುಧಾಳ ಮುಂದೆ ಇಟ್ಟ. ಮಡಿಕೆಗಳು ಸವೆದುಹೋಗಿದ್ದವು. ಎಷ್ಟೋ ಸಲ ಬಿಚ್ಚಿ, ಎಷ್ಟೋ ಜನರಿಗೆ ತೋರಿಸಿದ ಹಾಳೆ ಅದು.

ಮೇಲ್ಗಡೆ ನೀಲಿ ಅಕ್ಷರಗಳಲ್ಲಿ 'ಸ್ಯಾನ್ ಹೊಸೆ ಡೌನ್‌ಟೌನ್: ಸ್ಥಳೀಯರ ಅಭಿಪ್ರಾಯ' ಎಂದು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ 'ನಿಮಿಷಾಂಬಾ ಕೆಫೆ', ಅದರ ಪಕ್ಕದಲ್ಲಿ ಐದು ನಕ್ಷತ್ರಗಳ ಪೈಕಿ ಬಣ್ಣ ತುಂಬಿದ್ದು ಒಂದೇ ಒಂದು. ವಸುಧಾಳಿಗೆ ಮುಂದಿನದನ್ನು ಓದಬೇಕಾಗಿರಲಿಲ್ಲ. ಅಲ್ಲಿನ ಒಂದೊಂದು ಪದವನ್ನೂ ಮೂರು ವಾರದ ಹಿಂದೆ ಅವಳೇ ಬರೆದಿದ್ದಳು.

ಬೆಳಿಗ್ಗೆ ಹತ್ತೂಕಾಲು. ಹೋಟೆಲು ತೆರೆಯುವುದಕ್ಕೆ ಇನ್ನೂ ಒಂದು ಗಂಟೆಯ ಮೇಲಿತ್ತು. ಕಿಟಕಿಯ ಗಾಜಿನಾಚೆ ಊರೊಳಗೆ ಓಡಾಡುವ ಲೈಟ್ ರೈಲಿನ ನಿಲ್ದಾಣ, ಅಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ನಾಲ್ಕಾರು ಹುಡುಗ ಹುಡುಗಿಯರು. ಒಳಗೆ ಅಪ್ಪಾಸಾಹೇಬ, ಐವತ್ತೆಂಟು ವರ್ಷದ ಗದಗಿನ ಕಡೆಯ ಮನುಷ್ಯ, ಒಂದೊಂದೇ ಮೇಜಿಗೆ ಸ್ಟೀಲ್ ಲೋಟಗಳನ್ನು ಜೋಡಿಸುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಯೋಗಾನಂದನ ಹೆಂಡತಿ ಲಿಂಗಮ್ಮ ಸೆರಗಿನ ತುದಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಸೀರೆಯ ಮೇಲೊಂದು ಸ್ವೆಟರು, ಕಾಲಿಗೆ ದಪ್ಪ ಸಾಕ್ಸು.

"ಇಂಗ್ಲಿಷಿನಲ್ಲೇ ಓದ್ಲಾ?" ಎಂದು ವಸುಧಾ ಕೇಳಿದಳು.

"ಕನ್ನಡದಲ್ಲಿ ಹೇಳಿ. ಇವಳಿಗೆ ಇಂಗ್ಲಿಷು ಎಲ್ಲಿ ಬತ್ತದೆ? ನಂಗೂ ಅರ್ಧಂಬರ್ಧ. ಎಲ್ಲಾರೂ ಒಂದೊಂದ್ ಥರ ಹೇಳ್ತಾರೆ. ನೀವು ಲೆಕ್ಚರರ್ ಆಗಿದ್ದೋರು, ಕರೆಕ್ಟಾಗಿ ಹೇಳ್ತೀರಿ."

ವಸುಧಾ ಹಾಳೆಯನ್ನು ಎತ್ತಿಕೊಂಡಳು. "ಇಡ್ಲಿ ಮೆತ್ತಗಿದೆ, ಲೋಟಗಳು ಹೊಳೀತವೆ ಅಂತ ಶುರು ಮಾಡಿದಾರೆ," ಎಂದಳು. "ಆಮೇಲೆ ಸಾಂಬಾರಿನಲ್ಲಿ ಉಪ್ಪು ಕಮ್ಮಿ, ಚಟ್ನಿಗೆ ಸ್ವಲ್ಪ ಜಾಸ್ತಿ ಆಗಿದೆ ಅಂತ."

"ಕಮ್ಮಿ ಅಂತ ಅದ್ಯಾ, ಇಲ್ಲ ಅಂತ ಅದ್ಯಾ?"

"ಇಲ್ಲ ಅಂತ."

"ಹ್ಞೂ. ಮುಂದಕ್ಕೆ?"

"ಅಷ್ಟೇ. ಇನ್ನೊಂದು ಸ್ವಲ್ಪ ತಮಾಷೆ ಮಾಡಿ ಮುಗಿಸಿದಾರೆ."

ಯೋಗಾನಂದ ಮೇಜಿನ ಮೇಲೆ ಬಾಗಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇದರಲ್ಲಿ ನಾಲಗೆ ಅಂತ ಬತ್ತದೆ ಮೇಡಂ. ಟಂಗು. ಇಲ್ಲಿ ಊಟಕ್ಕೆ ಬರೋ ಶೇಷಗಿರಿಯೋರು ಓದಿ ನಕ್ಬುಟ್ರು, ಆಮೇಲೆ ಏನೂ ಇಲ್ಲ ಬುಡಿ ಅಂದ್ರು. ಅವರು ನಕ್ಕಿದ್ಯಾಕೆ ಅಂತ ನಂಗೆ ಗೊತ್ತಾಗ್ಬೇಕು."

ಆ ಸಾಲನ್ನು ಬರೆಯುವಾಗ ವಸುಧಾ ಕೂಡ ನಕ್ಕಿದ್ದಳು. ಎರಡು ಪದ ಅಳಿಸಿ, ಒಂದು ಪದ ಹಿಂದುಮುಂದು ಮಾಡಿ, ಮತ್ತೆ ಓದಿಕೊಂಡು ಖುಷಿಪಟ್ಟಿದ್ದಳು. ಈಗ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅವಳ ಮುಂದೆ ಎರಡು ಮಾರು ದೂರದಲ್ಲಿ ಲಿಂಗಮ್ಮ ನಿಂತಿದ್ದಳು.

"ಅಡುಗೆಯಾಕೆ ಇಂಡಿಯಾದಿಂದ ಹೊರಡೋ ಗಡಿಬಿಡಿಯಲ್ಲಿ..." ವಸುಧಾ ತಡವರಿಸಿದಳು. "...ತನ್ನ ನಾಲಗೇನ ಅಲ್ಲೇ ಮರೆತು ಬಂದ ಹಾಗಿದೆ ಅಂತ."

ಅಪ್ಪಾಸಾಹೇಬನ ಕೈಯ ಲೋಟ ಮೇಜಿಗೆ ತಾಕಿ ಸದ್ದಾಯಿತು. ಲಿಂಗಮ್ಮನ ಮುಖದಲ್ಲಿ ಸಿಟ್ಟು ಬರಬಹುದು, ಅಳು ಬರಬಹುದು ಎಂದು ವಸುಧಾ ಕಾದಳು. ಎರಡೂ ಬರಲಿಲ್ಲ. ಲಿಂಗಮ್ಮನ ಕೈ ಮಾತ್ರ ಸೆರಗಿನಲ್ಲಿ ಒರೆಸಿಕೊಳ್ಳುವುದನ್ನು ನಿಲ್ಲಿಸಿತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಒಂದು ಸಲ ಗಂಡನ ಕಡೆ ನೋಡಿ ಒಳಗೆ ಹೋದಳು.

ವಸುಧಾ ಮೈಸೂರಿನ ಕಾಲೇಜೊಂದರಲ್ಲಿ ಎಂಟು ವರ್ಷ ಇಂಗ್ಲಿಷ್ ಪಾಠ ಮಾಡಿದ್ದವಳು. ಗಂಡ ವೆಂಕಟಾಚಲನ ಕೆಲಸದ ಬೆನ್ನು ಹಿಡಿದು ಸ್ಯಾನ್ ಹೊಸೆಗೆ ಬಂದು ಎರಡು ವರ್ಷವಾಗಿತ್ತು. ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಂಡತಿಯರು ಇಲ್ಲಿ ಕೆಲಸ ಮಾಡುವಂತಿಲ್ಲ. ಬೆಳಿಗ್ಗೆ ಅವನು ಕಾರು ತೆಗೆದುಕೊಂಡು ಹೊರಟರೆ ಅಪಾರ್ಟ್‌ಮೆಂಟಿನಲ್ಲಿ ಅವಳು, ಒಂದು ಕಂಪ್ಯೂಟರು, ಫೋನ್ ಲೈನಿಗೆ ಸಿಕ್ಕಿಸಿದ ಮೋಡೆಮ್ಮು. ಹೊಸ ಹೊಸ ವೆಬ್‌ಸೈಟುಗಳು ದಿನಕ್ಕೊಂದು ಹುಟ್ಟುತ್ತಿದ್ದ ಕಾಲ. ಅವುಗಳಲ್ಲೊಂದು ಊರೂರಿನ ಡೌನ್‌ಟೌನ್ ಹೋಟೆಲುಗಳ ಬಗ್ಗೆ ಅಲ್ಲಿನ ಜನರಿಂದಲೇ ಬರೆಸುತ್ತಿತ್ತು. ಹೆಸರು ಹೇಳಬೇಕಾಗಿಲ್ಲ, ಒಂದು ಗುಪ್ತನಾಮ ಸಾಕು. ವಸುಧಾ ಹೊತ್ತು ಹೋಗದೆ ಒಂದು ಮೆಕ್ಸಿಕನ್ ಹೋಟೆಲಿನ ಬಗ್ಗೆ ಬರೆದಳು. ಮರುದಿನ ಹನ್ನೊಂದು ಜನ ಅದನ್ನು ಮೆಚ್ಚಿದ್ದರು. ಆಮೇಲೆ ಲೈಟ್ ರೈಲು ಹತ್ತಿ ಡೌನ್‌ಟೌನಿಗೆ ಹೋಗಿ ಒಬ್ಬಳೇ ಕೂತು ಉಣ್ಣುವುದು, ಬಂದು ಬರೆಯುವುದು ಅಭ್ಯಾಸವಾಯಿತು. ಅವಳ ಇಂಗ್ಲಿಷನ್ನು ಈ ದೇಶದ ಜನ ಓದುತ್ತಿದ್ದರು, ಓದಿ ನಗುತ್ತಿದ್ದರು. ಇದನ್ನು ವೆಂಕಟಾಚಲನಿಗೆ ಹೇಳಬಾರದೆಂದೇನೂ ಅವಳು ನಿಶ್ಚಯಿಸಿರಲಿಲ್ಲ. ಮೊದಲು ಹೇಳುವಂಥದ್ದೇನೂ ಅನ್ನಿಸಲಿಲ್ಲ. ಅನ್ನಿಸುವ ಹೊತ್ತಿಗೆ ಅದು ತನ್ನೊಬ್ಬಳದೇ ಆಗಿರಲಿ ಅನ್ನಿಸಿತು.

ನಿಮಿಷಾಂಬಾ ಕೆಫೆಗೆ ಅವಳು ಬಂದ ದಿನ ಬೆಳಿಗ್ಗೆ ಒಂದು ಕಮ್ಯುನಿಟಿ ಕಾಲೇಜಿನಿಂದ ಕಾಗದ ಬಂದಿತ್ತು. ನಿಮ್ಮ ಅರ್ಹತೆ ನೋಡಿ ಸಂತೋಷವಾಯಿತು, ಆದರೆ ವರ್ಕ್ ಪರ್ಮಿಟ್ ಇಲ್ಲದವರನ್ನು ತೆಗೆದುಕೊಳ್ಳುವುದಿಲ್ಲ ಎಂದಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡೇ ಬಂದು ಕಿಟಕಿಯ ಪಕ್ಕ ಕೂತಿದ್ದಳು. ಸಾಂಬಾರು ನಿಜಕ್ಕೂ ಸಪ್ಪೆಯಿತ್ತು. ಚಟ್ನಿ ನಾಲಗೆಗೆ ಇಡುವಂತಿರಲಿಲ್ಲ. ಅರ್ಧ ಬಿಟ್ಟು ಎದ್ದು, ಮನೆಗೆ ಹೋಗಿ ಚಪ್ಪಲಿಯನ್ನೂ ಬಿಡದೆ ಬರೆಯಲು ಕೂತಿದ್ದಳು. ಆ ವಾರ ವೆಬ್‌ಸೈಟಿನವರು ಅದನ್ನು 'ವಾರದ ಅಭಿಪ್ರಾಯ' ಎಂದು ಮೊದಲ ಪುಟಕ್ಕೆ ಏರಿಸಿದರು.

ನಿನ್ನೆ ರಾತ್ರಿ ಊಟ ಮಾಡುತ್ತ ವೆಂಕಟಾಚಲ ಹೇಳಿದ್ದ: "ನಮ್ಮ ಟೀಮು ಶುಕ್ರವಾರ ಊಟಕ್ಕೆ ಹೋಗ್ತೀವಲ್ಲ, ಆ ಹೋಟೆಲಿನ ಯೋಗಾನಂದ ಪಾಪ ತುಂಬಾ ಅಪ್ಸೆಟ್ ಆಗಿದಾನೆ. ಯಾರೋ ಇಂಟರ್‌ನೆಟ್‌ನಲ್ಲಿ ಕೆಟ್ಟದಾಗಿ ಬರೆದಿದಾರಂತೆ. ಜನ ಬರೋದೇ ಕಮ್ಮಿ ಆಗಿದೆ. ಅದಕ್ಕೊಂದು ಉತ್ತರ ಬರೆದುಕೊಡಬೇಕಂತೆ. ನನ್ನ ಹೆಂಡ್ತಿ ಬರ್ತಾಳೆ ಅಂತ ಹೇಳಿಬಿಟ್ಟೆ. ನಾಳೆ ಒಂದು ಸಲ ಹೋಗಿ ಬಾ." ಹೋಗುವುದಿಲ್ಲ ಎನ್ನಲು ಅವಳಿಗೆ ಒಂದು ಕಾರಣವೂ ಹೊಳೆದಿರಲಿಲ್ಲ.

"ಬರ್ಕಳಿ ಮೇಡಂ," ಎಂದು ಯೋಗಾನಂದ ಎದುರಿನ ಕುರ್ಚಿ ಎಳೆದು ಕೂತ. "ನಾವು ಮಂಡ್ಯದೋರು. ನನ್ನ ಹೆಂಡ್ತಿ ನೂರಾರು ಜನದ ಮದುವೆಗೆ ಒಬ್ಳೇ ನಿಂತು ಅಡುಗೆ ಮಾಡ್ಸಿದೋಳು. ಅವಳ ಸಾರು ಕುಡ್ದೋರು ಇವತ್ತಿಗೂ ನೆನೀತಾರೆ. ಇದನ್ನ ಬರ್ದೋರಿಗೆ ಹೊಟ್ಟೆಕಿಚ್ಚು. ಹಂಗಂತ ಬರೀರಿ."

ವಸುಧಾ ತಂದಿದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

"ಹೊಟ್ಟೆಕಿಚ್ಚು ಅಂತ ಬರೆಯೋದು ಬೇಡ," ಎಂದಳು. "ಯಾರು ಅಂತ ಗೊತ್ತಿಲ್ಲದೆ..."

ಯೋಗಾನಂದ ದನಿ ತಗ್ಗಿಸಿದ. "ಗೊತ್ತದೆ." ಕಣ್ಣಿನಲ್ಲೇ ಅಪ್ಪಾಸಾಹೇಬನ ಕಡೆ ತೋರಿಸಿದ. ಅವನು ಬೆನ್ನು ತಿರುಗಿಸಿ ನ್ಯಾಪ್‌ಕಿನ್ನುಗಳನ್ನು ಮಡಚುತ್ತಿದ್ದ. "ಇದು ಬರೋಕೆ ನಾಕು ದಿನ ಮುಂಚೆ ಬಂದು ನನ್ನ ತಾವ ಹೇಳ್ದ, ಅಕ್ಕಾರ ಸಾರಿನ್ಯಾಗ ಉಪ್ಪಿಲ್ರಿ ಅಂತ. ಅದೇ ಮಾತು. ನಾನು ಬೈದು ಕಳಿಸ್ದೆ. ನಾಕು ದಿನಕ್ಕೆ ಇದು ಬಂತು. ಇವನ ಅಳಿಯ ಇಲ್ಲೇ ಪ್ಲೆಸೆಂಟನ್ ಊರಲ್ಲಿ ಕಂಪ್ಯೂಟರ್ ಕಂಪ್ನಿಲಿ ಇರೋನು. ಮಾವ ಹೇಳಿರ್ತಾನೆ, ಅಳಿಯ ಬರ್ದಿರ್ತಾನೆ."

"ಇಲ್ಲ, ಹಾಗಿರಲಾರದು."

"ಇವತ್ತೇ ಕೊನೆ. ನಿಮ್ಮ ಕಾಗದ ಆಗ್ಲಿ, ಹೇಳಿಬುಡ್ತೀನಿ ಬರ್ಬೇಡ ಅಂತ."

ಹನ್ನೊಂದು ತಿಂಗಳಿಂದ ಆ ಮನುಷ್ಯ ಇಲ್ಲಿದ್ದಾನೆಂದು ವೆಂಕಟಾಚಲ ಒಮ್ಮೆ ಹೇಳಿದ್ದ. ಮಗಳ ಮನೆಯಲ್ಲಿ ಗೋಡೆ ನೋಡುತ್ತ ಕೂರಲಾರದೆ, ಬೆಳಿಗ್ಗೆ ಆರಕ್ಕೆ ಎದ್ದು ಎರಡು ಬಸ್ಸು ಬದಲಾಯಿಸಿ ಬರುತ್ತಾನಂತೆ. ಗೋಡೆ ನೋಡುತ್ತ ಕೂರುವುದೆಂದರೇನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಗ ಹೇಳಿಬಿಟ್ಟರೆ ಆಯಿತು, ಒಂದೇ ಮಾತು. ಆ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಒಳಗಿನಿಂದ ಲಿಂಗಮ್ಮ ಕರೆದಳು.

"ವಸುದಮ್ಮ, ವಸಿ ಇಲ್ಲಿ ಬನ್ರವ್ವ. ಕಾಪಿ ಎಂಗೆ ಕುಡೀತಿರೋ ಏನೋ, ನೋಡ್ಕಂಡು ಹೇಳಿ."

ಅಡುಗೆಮನೆ ಉದ್ದಕ್ಕೆ ಕಿರಿದಾಗಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸಾಂಬಾರು ಸಣ್ಣಗೆ ಕುದಿಯುತ್ತಿತ್ತು. ಲಿಂಗಮ್ಮ ಕಾಫಿ ಮಾಡುತ್ತಿರಲಿಲ್ಲ. ವಸುಧಾ ಒಳಗೆ ಬರುತ್ತಿದ್ದಂತೆ ಬಾಗಿಲನ್ನು ಅರ್ಧ ಮುಂದೆ ತಳ್ಳಿ ಹತ್ತಿರ ಬಂದಳು.

"ಬರ್ದೋರು ಯಾರು ಅಂತ ಕಂಡುಹಿಡೀಬೋದಾ ಕಂಪ್ಯೂಟರ್‌ನಲ್ಲಿ?"

"ಕಷ್ಟ ಲಿಂಗಮ್ಮನೋರೆ. ಹೆಸರು ಹಾಕಿಲ್ಲ."

"ಹೆಂಗ್ಸು ಇರಬೇಕು. ಗಂಡಸ್ರಿಗೆ ಇಷ್ಟು ಗೊತ್ತಾಗಕಿಲ್ಲ."

"ಅವರ ಮೇಲೆ ನಿಮಗೆ ಸಿಟ್ಟು ಬಂದಿರಬೇಕು."

"ಸಿಟ್ಟೇನು ಬಂತು." ಲಿಂಗಮ್ಮ ಬಾಗಿಲ ಸಂದಿನಲ್ಲಿ ಹೊರಗೆ ನೋಡಿ, ದನಿಯನ್ನು ಇನ್ನೂ ಇಳಿಸಿದಳು. "ಅವರಿಗೆ ಹೆಂಗೆ ತಿಳೀತು ಅಂತ ಅಷ್ಟೇ ನಂಗೆ. ನಾನು ಒಬ್ರಿಗೂ ಬಾಯಿ ಬಿಟ್ಟಿಲ್ಲ."

ವಸುಧಾಳಿಗೆ ಅರ್ಥವಾಗಲಿಲ್ಲ. ಲಿಂಗಮ್ಮ ತೋರುಬೆರಳಿನಿಂದ ತನ್ನ ಬಾಯಿ ತೋರಿಸಿದಳು.

"ಯುಗಾದಿಗೆ ಮುಂಚೆ ಜ್ವರ ಬಂತು. ಎಂಟು ದಿನ ಮಲಗ್ದೆ. ಜ್ವರ ಬುಡ್ತು, ನಾಲಗೆ ಮಾತ್ರ ವಾಪಸು ಬರ್ನಿಲ್ಲ. ಯುಗಾದಿ ದಿನ ಬೇವು ತಿಂದೆ, ಬೆಲ್ಲ ತಿಂದೆ. ಎರಡೂ ಒಂದೇ. ಒಣ ಎಲೆ ಅಗ್ದಂಗೆ. ಘಮಾನೂ ಇಲ್ಲ ಕಣವ್ವ, ಒಗ್ಗರಣೆ ಸೀದ್ರೆ ಹೊಗೆ ನೋಡಿ ತಿಳ್ಕಬೇಕು."

"ಯುಗಾದಿ ಆಗಿ ಐದು ತಿಂಗಳಾಯಿತಲ್ಲ," ಎಂದಳು ವಸುಧಾ. "ಡಾಕ್ಟರಿಗೆ ತೋರಿಸಲಿಲ್ವಾ?"

"ಡಾಕ್ಟ್ರ ತಾವ ಹೋಗ್ಬೇಕು ಅಂದ್ರೆ ಇವರಿಗೆ ಹೇಳ್ಬೇಕು. ಹೊರಗೆ ಬೋರ್ಡಿನ ಮ್ಯಾಲೆ ಏನ್ ಬರ್ಸವ್ರೆ ನೋಡಿದ್ದೀರಾ?"

ವಸುಧಾ ನೋಡಿದ್ದಳು. ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲಿ 'ಲಿಂಗಮ್ಮನ ಕೈರುಚಿ' ಎಂದಿತ್ತು. ಅದನ್ನೂ ಆ ದಿನ ಬರಹದಲ್ಲಿ ಸೇರಿಸಿ ತಮಾಷೆ ಮಾಡೋಣ ಎಂದುಕೊಂಡು, ಓದುವವರಿಗೆ ತಿಳಿಯುವುದಿಲ್ಲವೆಂದು ಬಿಟ್ಟಿದ್ದಳು.

"ಈ ಹೋಟ್ಲು ಮಾಡೋಣ ಅಂದಾಗ ನನ್ನ ಮಗ ಬ್ಯಾಡ ಅಂದ. ಇವರು ಕೇಳ್ನಿಲ್ಲ. ನಿನ್ನ ಕೈ ಒಂದಿದ್ರೆ ಸಾಕು ಕಣೇ, ಇನ್ನೇನೂ ಬ್ಯಾಡ ಅಂದ್ರು. ಈಗ ಹೋಗಿ ಕೈ ಅದೆ, ನಾಲಗೆ ಇಲ್ಲ ಅಂತ ಹೆಂಗೆ ಹೇಳ್ಲಿ? ಕೈ ಅಳತೆ ಮ್ಯಾಲೆ ಹಾಕ್ತಾ ಇದ್ದೆ. ನಡೀತಿತ್ತು. ಆಮೇಲೆ ಇವರು ಬ್ಯಾರೆ ಕಂಪ್ನಿ ಉಪ್ಪು ತಂದ್ರು, ಅದರ ಹರಳು ದಪ್ಪ. ಅಷ್ಟೇ ಹಿಡಿ ಹಾಕಿದ್ರೂ ಸಾಕಾಗಕಿಲ್ಲ. ಅಪ್ಪಾಸಾಬ್ರು ಇವರ ತಾವ ಉಪ್ಪಿಲ್ಲ ಅಂದಿದ್ದು ಕೇಳಿಸ್ತು, ಹೆದರಿಕೇಲಿ ಚಟ್ನಿಗೆ ಎರಡು ಹಿಡಿ ಜಾಸ್ತಿ ಬಿದ್ದೋಯ್ತು."

ಸಾಂಬಾರಿನ ಪಾತ್ರೆಯಲ್ಲಿ ಗುಳ್ಳೆಗಳು ಏಳುತ್ತಿದ್ದವು, ಒಡೆಯುತ್ತಿದ್ದವು. ವಸುಧಾ ಅದನ್ನೇ ನೋಡುತ್ತ ನಿಂತಳು. ನಾಲಗೆಯ ಆ ಸಾಲನ್ನು ತಿದ್ದಿ ತೀಡಿ, ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇ ಇಲ್ಲ ಎಂದು ಅವಳು ಅಂದುಕೊಂಡಿದ್ದು ಒಂದು ಉಪಮೆಯ ಬಗ್ಗೆ. ಇಲ್ಲಿ ಅದು ಒಬ್ಬ ಹೆಂಗಸಿನ ಬಾಯಿಯೊಳಗಿನ ಸುದ್ದಿಯಾಗಿತ್ತು.

"ಕೆಟ್ಟೋರು ಅಂತ ಅನ್ಸಕಿಲ್ಲ ನಂಗೆ," ಎಂದಳು ಲಿಂಗಮ್ಮ. "ಕೂತು ಉಂಡು ಕಂಡುಹಿಡ್ದವ್ರೆ. ಅಂತೋರೊಬ್ರು ನನ್ನ ಪಕ್ಕ ನಿಂತು ಸಾಕು, ಬೇಕು ಅಂತ ಹೇಳೋಂಗಿದ್ರೆ ಇನ್ನ ಸ್ವಲ್ಪ ದಿನ ತಳ್ಳಬೋದಿತ್ತು. ಅಷ್ಟರಲ್ಲಿ ಬಂದ್ರೂ ಬತ್ತದೆ ನಾಲಗೆ. ಅದಕ್ಕೇ ಕೇಳ್ದೆ ನಿಮ್ಮನ್ನ, ಕಂಡುಹಿಡೀಬೋದಾ ಅಂತ."

"ಲಿಂಗಮ್ಮನೋರೆ," ಎಂದಳು ವಸುಧಾ. "ಅದನ್ನ ಬರೆದಿದ್ದು..."

ಹೊರಗಡೆ ಕುರ್ಚಿ ಹಿಂದಕ್ಕೆ ಬಿದ್ದ ಶಬ್ದ ಕೇಳಿಸಿತು. ಹಿಂದೆಯೇ ಯೋಗಾನಂದನ ದನಿ. ಅವನಿಗೆ ಕಾಗದ ಮುಗಿಯುವ ತನಕವೂ ತಡೆದುಕೊಳ್ಳಲು ಆಗಿರಲಿಲ್ಲ.

ಇಬ್ಬರೂ ಹೊರಗೆ ಬಂದರು. ಯೋಗಾನಂದ ಎದ್ದು ನಿಂತಿದ್ದ. ಅಪ್ಪಾಸಾಹೇಬ ತೋಳಿನ ಮೇಲೆ ನ್ಯಾಪ್‌ಕಿನ್ನುಗಳ ಕಟ್ಟು ಇಟ್ಟುಕೊಂಡು ಅವನ ಎದುರು ನೆಟ್ಟಗೆ ನಿಂತಿದ್ದ.

"ನಾ ಬರದಿಲ್ರಿ," ಎಂದ ಅಪ್ಪಾಸಾಹೇಬ. "ನಮ್ಮ ಅಳಿಯಾನೂ ಬರದಿಲ್ಲ. ಅಂವಾ ಈ ಹೋಟೆಲ್ ನೋಡೇ ಇಲ್ಲ. ಉಪ್ಪಿಲ್ಲ ಅಂತ ನಿಮ್ಮ ಮಾರಿ ಮುಂದ ಹೇಳಿದಾಂವ ನಾನು. ಮುಂದ ಹೇಳೂದು ಹೇಳಿ ಹಿಂದ ಬರಿಯಾಕ ಯಾಕ ಹೋಗ್ಲಿ?"

"ಹಂಗಾರೆ ಅದೇ ಮಾತು ಅಲ್ಲಿ ಹೆಂಗೆ ಬಂತು?"

"ಅದು ನನಗ ಹ್ಯಾಂಗ ಗೊತ್ರಿ? ಉಂಡವ್ರು ಯಾರರೆ ಬರದಿರಬೇಕು."

"ಉಂಡೋರು, ಉಂಡೋರು. ದಿನಾ ಉಣ್ಣೋನು ನೀನೇ." ಯೋಗಾನಂದ ಅಲ್ಲಿಯವರೆಗೆ ಎದುರಿಗೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಆ 'ನೀನು' ಬಿದ್ದದ್ದು ಎಲ್ಲರಿಗೂ ಕೇಳಿಸಿತು. ಅಪ್ಪಾಸಾಹೇಬ ನ್ಯಾಪ್‌ಕಿನ್ನುಗಳನ್ನು ಹತ್ತಿರದ ಮೇಜಿನ ಮೇಲಿಟ್ಟ. ಸೊಂಟದ ಏಪ್ರನ್ನಿನ ಗಂಟಿಗೆ ಕೈ ಹಾಕಿದ. ಗಂಟು ಬೇಗ ಬಿಚ್ಚಲಿಲ್ಲ.

"ನಾನು ಬರೆದದ್ದು," ಎಂದಳು ವಸುಧಾ.

ದನಿ ಎಷ್ಟು ಸಣ್ಣಗೆ ಬಂತೆಂದರೆ ಯೋಗಾನಂದ "ಏನಂದ್ರಿ?" ಎಂದ.

"ಅದನ್ನ ಬರೆದಿದ್ದು ನಾನು. ಅವರಲ್ಲ."

ಯೋಗಾನಂದ ಅವಳನ್ನು ನೋಡಿದ, ಮೇಜಿನ ಮೇಲಿದ್ದ ಹಾಳೆಯನ್ನು ನೋಡಿದ. "ಅವನನ್ನ ಉಳ್ಸೋಕೆ ಹೇಳ್ತಿದ್ದೀರಿ ಮೇಡಂ. ನಿಮ್ಮದು ದೊಡ್ಡ ಮನಸು. ನೀವು ಸುಮ್ನಿರಿ."

"ಒಂದು ಮಂಗಳವಾರ ಬಂದಿದ್ದೆ. ಇಡ್ಲಿ, ಸಾಂಬಾರು, ಆಮೇಲೆ ಬಿಸಿಬೇಳೆಬಾತು ತಗೊಂಡೆ. ಅಲ್ಲಿ ಕೂತಿದ್ದೆ." ಕಿಟಕಿಯ ಪಕ್ಕದ ಮೇಜನ್ನು ತೋರಿಸಿದಳು. "ನೀವು ಆ ದಿನ ಇರಲಿಲ್ಲ."

"ಹೌದ್ರಿ," ಎಂದ ಅಪ್ಪಾಸಾಹೇಬ. "ಈ ಬಾಯಾರು ಬಂದಿದ್ರು. ಬಾತು ಅರ್ಧಾ ಬಿಟ್ಟು ಎದ್ದು ಹ್ವಾದ್ರು."

"ನಿಮಗೆ ಮೊದಲೇ ಗೊತ್ತಿತ್ತಾ?" ವಸುಧಾ ಅವನ ಕಡೆ ತಿರುಗಿದಳು.

"ಬರದದ್ದು ಗೊತ್ತಿರಲಿಲ್ರಿ. ಅರ್ಧಾ ಬಿಟ್ಟ ತಾಟು ನೆನಪಿತ್ತು." ಏಪ್ರನ್ನು ಬಿಚ್ಚಿತು. ಅದನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟು, ಮೂಲೆಯ ಮೊಳೆಗೆ ಸಿಕ್ಕಿಸಿದ್ದ ತನ್ನ ಕೋಟು, ಕೈಚೀಲ ತೆಗೆದುಕೊಂಡ.

ಯೋಗಾನಂದನಿಗೆ ಈಗ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. "ನಿಮ್ಮ ಯಜಮಾನ್ರು ವಾರವಾರ ಇಲ್ಲೇ ಉಣ್ತಾರೆ," ಎಂದ. "ಒಂದು ದಿನಾನೂ ಒಂದು ಮಾತು ಅಂದಿಲ್ಲ."

"ಅವರಿಗೆ ಗೊತ್ತಿಲ್ಲ."

"ನಮ್ಮ ಭಾಷೆಯೋರು. ನಮ್ಮ ಊರ್ ಕಡೆಯೋರು. ಉಪ್ಪಿಲ್ಲ ಅಂದಿದ್ರೆ ಇನ್ನೊಂದು ಬಟ್ಲು ತಂದಿಡ್ತಿದ್ವು. ಕೈ ಮುಗೀತಿದ್ವು. ಒಬ್ರಿಗೆ ಹೇಳೋದು ಬಿಟ್ಟು ಇಡೀ ಊರಿಗೆ ಹೇಳಿದ್ರಲ್ಲ."

ವಸುಧಾ ಮೇಜಿನ ಮೇಲಿದ್ದ ಹಾಳೆಯನ್ನು ಅದರ ಮಡಿಕೆಗಳಲ್ಲೇ ಮತ್ತೆ ಮಡಚಿದಳು.

"ಒಂದು ಮಾತು ನಿಜ ಹೇಳಿಬುಡಿ." ಯೋಗಾನಂದ ಹತ್ತಿರ ಬಂದ. "ಸಾಂಬಾರು ಹಂಗಿತ್ತಾ? ಇಲ್ಲಾ ಇಂಗ್ಲಿಷು ಚೆಂದ ಕಾಣ್ಲಿ ಅಂತ ಬರ್ದ್ರಾ?"

ಎರಡೂ ಹೌದು. ಮೂರು ವಾರದಿಂದ ಅವಳು ಅದನ್ನು ತನಗೇ ಒಪ್ಪಿಕೊಂಡಿರಲಿಲ್ಲ, ಈಗ ಒಂದು ಕ್ಷಣದಲ್ಲಿ ತಿಳಿಯಿತು. ಯೋಗಾನಂದನ ಹೆಗಲಿನಾಚೆ ಲಿಂಗಮ್ಮ ಅಡುಗೆಮನೆಯ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಬರೆದವಳು ಇವಳೇ ಎಂದು ತಿಳಿದ ಮೇಲೂ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಬರೀ ಹೆದರಿಕೆಯಿತ್ತು, ವಸುಧಾಳ ಬಾಯಿಂದ ಮುಂದೇನು ಬರುತ್ತದೋ ಎಂಬ ಹೆದರಿಕೆ.

"ಇಂಗ್ಲಿಷು ಚೆಂದ ಕಾಣಲಿ ಅಂತ," ಎಂದಳು ವಸುಧಾ. "ಸಾಂಬಾರು ಸರಿಯಾಗೇ ಇತ್ತು."

ಬಾಗಿಲ ಹತ್ತಿರ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದ ಅಪ್ಪಾಸಾಹೇಬ ತಲೆ ಎತ್ತಿ ಅವಳನ್ನು ನೋಡಿದ.

ಯೋಗಾನಂದನ ಮೈಯೆಲ್ಲ ಒಮ್ಮೆ ಸಡಿಲವಾಯಿತು. "ಕೇಳಿದ್ಯಾ?" ಎಂದು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ? ನಂಗೆ ಗೊತ್ತಿತ್ತು." ಆಮೇಲೆ ವಸುಧಾಳ ನೋಟ್‌ಬುಕ್ಕನ್ನು ಅವಳ ಮುಂದೆ ತಳ್ಳಿದ. "ಹಂಗಂತ ಬರೀರಿ. ನಾನು ಬರ್ದಿದ್ದು ಸುಳ್ಳು, ಆಯಮ್ಮನ ಅಡುಗೇಲಿ ಏನೂ ಐಬಿಲ್ಲ ಅಂತ ಬರೀರಿ. ನಿಮ್ಮ ಹೆಸರು ಹಾಕಿ. ಈಗ್ಲೇ. ನನ್ನ ಮುಂದೇನೇ."

ವಸುಧಾ ಕೂತಳು. ಪೆನ್ನು ತೆಗೆದುಕೊಂಡಳು. 'ನಾನು' ಎಂಬ ಅರ್ಥದ ಇಂಗ್ಲಿಷಿನ ಒಂದು ಅಕ್ಷರ ಬರೆದಳು. ಸುಳ್ಳನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆಯುವುದು ಅವಳಿಗೆ ಕಷ್ಟದ ಕೆಲಸವಲ್ಲ. ನಾಳೆಗೆ ಅದನ್ನೂ ಹತ್ತಾರು ಜನ ಮೆಚ್ಚುತ್ತಾರೆ.

"ಬ್ಯಾಡ ಬುಡಿ," ಎಂದಳು ಲಿಂಗಮ್ಮ.

"ನೀನ್ ಸುಮ್ಕಿರು."

ಲಿಂಗಮ್ಮ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಅವಳ ಬಲಗೈ ಮುಷ್ಟಿ ಕಟ್ಟಿತ್ತು. ಗಂಡನ ಎದುರು ಬಂದು ನಿಂತು, ಮುಷ್ಟಿ ಬಿಚ್ಚಿ ತೋರಿಸಿದಳು. ದಪ್ಪ ಹರಳಿನ ಉಪ್ಪು. ಅವನು ಏನಿದು ಎಂದು ಕೇಳುವ ಮೊದಲೇ ಅಷ್ಟನ್ನೂ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ಹರಳುಗಳು ಹಲ್ಲಿನ ನಡುವೆ ಕರಕರ ಎನ್ನುವುದು ಆ ಖಾಲಿ ಹೋಟೆಲಿನಲ್ಲಿ ಎಲ್ಲರಿಗೂ ಕೇಳಿಸಿತು. ಲಿಂಗಮ್ಮನ ಮುಖ ಸೊಟ್ಟಗಾಗಲಿಲ್ಲ. ಕಣ್ಣು ಮುಚ್ಚಲಿಲ್ಲ. ಹುರಿಗಡಲೆ ತಿನ್ನುವವರ ಹಾಗೆ, ಗಂಡನ ಮುಖವನ್ನೇ ನೋಡುತ್ತ, ನಿಧಾನಕ್ಕೆ ಅಗಿದಳು.

"ಲೇ," ಎಂದ ಯೋಗಾನಂದ. "ಲೇ, ಏನ್ ಮಾಡ್ತಿದ್ದೀಯೇ? ಉಗಿ."

ಅವಳು ಅಗಿಯುತ್ತಲೇ ಇದ್ದಳು. "ಮರಳು," ಎಂದಳು ಬಾಯಿ ತುಂಬಿಕೊಂಡೇ. "ಬರೀ ಹೊಳೆ ಮರಳು ಅಗ್ದಂಗೆ. ಯುಗಾದಿಯಿಂದ ಹಿಂಗೇಯ. ಅವರು ಬರ್ದಿದ್ದು ನಿಜ."

ಯೋಗಾನಂದನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಎರಡು ಹೆಜ್ಜೆ ಮುಂದೆ ಬಂದು ತನ್ನ ಬೊಗಸೆಯನ್ನು ಅವಳ ಗದ್ದದ ಕೆಳಗೆ ಹಿಡಿದ.

"ಉಗಿ," ಎಂದ. "ಇದರಲ್ಲಿ ಉಗೀಯಮ್ಮಿ. ಕರುಳು ಸುಟ್ಟೋಯ್ತದೆ."

ಲಿಂಗಮ್ಮ ಗಂಡನ ಬೊಗಸೆಯಲ್ಲಿ ಉಗಿದಳು. ಆಮೇಲೆ ಅವಳಿಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ವಸುಧಾ ಹತ್ತಿರದ ಲೋಟಕ್ಕೆ ನೀರು ತುಂಬಿ ತಂದಳು. ಯೋಗಾನಂದನ ಎರಡು ಕೈಯೂ ತುಂಬಿದ್ದವು. ಅವನು ಲೋಟದ ಕಡೆ ನೋಡಿದ, ವಸುಧಾಳ ಕಡೆ ನೋಡಲಿಲ್ಲ.

"ಅಲ್ಲಿಡಿ," ಎಂದ. "ನೀವು ವಸಿ ಹೊರಗಿರಿ ಮೇಡಂ."

ವಸುಧಾ ನೀರನ್ನು ಲಿಂಗಮ್ಮನ ಪಕ್ಕದ ಮೇಜಿನ ಮೇಲಿಟ್ಟು, ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. ಅಪ್ಪಾಸಾಹೇಬ ಕೋಟು ತೊಟ್ಟು, ಕೈಚೀಲ ಹಿಡಿದು ಬಾಗಿಲ ಬಳಿಯೇ ಇದ್ದ. ಅವಳಿಗೋಸ್ಕರ ಬಾಗಿಲು ತೆರೆದು ಹಿಡಿದ. ಅವಳು ಹೊರಗೆ ಕಾಲಿಟ್ಟು, ತನ್ನ ಹಿಂದೆ ಅವನೂ ಬರುತ್ತಾನೆಂದು ಪಕ್ಕಕ್ಕೆ ಸರಿದಳು. ಅವನು ಬರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ಹೊರಗೆ ಬಿಸಿಲಿತ್ತು. ರೈಲೊಂದು ಗಂಟೆ ಬಾರಿಸುತ್ತ ಬಂದು ನಿಂತಿತು, ಹೊರಟಿತು. ಅದು ಅವಳ ಮನೆಯ ಕಡೆಯ ರೈಲು. ಹತ್ತಿದ್ದರೆ ಅರ್ಧ ಗಂಟೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿರಬಹುದಿತ್ತು. ಸಂಜೆ ವೆಂಕಟಾಚಲನಿಗೆ ಹೇಳಬೇಕು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸಿದಳು, ತೋಚಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತುಕೊಂಡಳು. ನಿಂತೇ ಇದ್ದಳು. ಎರಡನೆಯ ರೈಲು ಹೋಯಿತು, ಮೂರನೆಯದೂ ಹೋಯಿತು.

ಹನ್ನೊಂದೂವರೆಯಾಯಿತು. ಬಾಗಿಲಿನ ಮೇಲೆ ಬರೆದಿದ್ದ ತೆರೆಯುವ ಹೊತ್ತು ಅದೇ. ಒಂದು ಹುಡುಗಿ, ಒಬ್ಬ ಹುಡುಗ, ಇಬ್ಬರೂ ಒಂದೇ ಕಂಪನಿಯ ಟೀ ಶರ್ಟು ತೊಟ್ಟವರು, ರಸ್ತೆ ದಾಟಿ ಬಂದು ಬಾಗಿಲು ಎಳೆದು ನೋಡಿದರು. ಅದು ತೆರೆಯಲಿಲ್ಲ. ಹುಡುಗಿ ಗಾಜಿನ ಮೇಲಿನ ಮೆನು ಓದಿದಳು. ಹುಡುಗ ವಸುಧಾಳ ಕಡೆ ತಿರುಗಿ, ನೀವು ಇಲ್ಲಿಯವರೇ, ಇಲ್ಲಿ ಊಟ ಹೇಗಿರುತ್ತದೆ ಎಂದು ಕೇಳಿದ.

"ಇನ್ನೂ ತೆರೆದಿಲ್ಲ," ಎಂದು ವಸುಧಾ ಇಂಗ್ಲಿಷಿನಲ್ಲಿ ಹೇಳಿದಳು. "ನಾನೂ ಕಾಯ್ತಾ ಇದ್ದೀನಿ."

ಅವರಿಬ್ಬರೂ ಅವಳ ಹಿಂದೆ ನಿಂತುಕೊಂಡು ಆಫೀಸಿನ ಯಾವುದೋ ಮೀಟಿಂಗಿನ ಮಾತು ಶುರು ಮಾಡಿದರು. ವಸುಧಾ ಗಾಜಿಗೆ ಕೈ ಅಡ್ಡ ಇಟ್ಟು ಒಳಗೆ ನೋಡಿದಳು. ಅಡುಗೆಮನೆಯ ದೀಪ ಉರಿಯುತ್ತಿತ್ತು. ಅಪ್ಪಾಸಾಹೇಬ ಕೋಟಿನಲ್ಲೇ, ಸೌಟು ಹಿಡಿದು, ಬಾಗಿಲ ಕಡೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದ. ಈಚೆ ಹಾಲಿನಲ್ಲಿ ಲಿಂಗಮ್ಮನನ್ನು ಗಿರಾಕಿಗಳ ಕುರ್ಚಿಯೊಂದರ ಮೇಲೆ ಕೂರಿಸಿದ್ದರು. ಯೋಗಾನಂದ ಅವಳ ಎದುರು ಇನ್ನೊಂದು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತು ಏನೋ ಕೇಳುತ್ತಿದ್ದ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದೊಂದು ಗುಟುಕಿಗೂ ನಿಲ್ಲಿಸಿ ಉತ್ತರ ಹೇಳುತ್ತಿದ್ದಳು. ಕುರ್ಚಿ ಅವಳಿಗೆ ಎತ್ತರವಾಗಿತ್ತು. ಸಾಕ್ಸು ಹಾಕಿದ ಪಾದಗಳು ನೆಲದಿಂದ ನಾಲ್ಕು ಬೆರಳು ಮೇಲಿದ್ದವು.